ದೋಹಾದ ಐಸ್ ಮೇಲೆ ಮಂಜು ಕವಿದ ಮಧ್ಯಾಹ್ನ

2005ರಲ್ಲಿ ನಾನು ಕತಾರ್‌ನ ದೋಹಾದಲ್ಲಿ, ಶಾಪಿಂಗ್ ಮಾಲ್ ಒಂದರ ಒಳಗಿದ್ದ ಐಸ್ ರಿಂಕ್‌ನಲ್ಲಿ ರೆಫ್ರಿಜರೇಶನ್ ಸೂಪರ್‌ವೈಸರ್ ಆಗಿದ್ದೆ. ಹೊರಗೆ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುವ ಬಿಸಿಲು, ಒಳಗೆ ಉಣ್ಣೆಯ ಟೊಪ್ಪಿ ಹಾಕಿಕೊಂಡು ಜಾರಾಡುವ ಮಕ್ಕಳು. ಮದೀನತ್ ಖಲೀಫಾದ ನನ್ನ ರೂಮಿನಿಂದ ಬೆಳಿಗ್ಗೆ ಬೆವರುತ್ತ ಬಂದು ರಿಂಕ್‌ನ ಬಾಗಿಲು ದಾಟಿದೊಡನೆ, ಇನ್ನೂ ನಿದ್ದೆಯಲ್ಲೇ ಇದ್ದೇನೋ ಎಂದು ಪ್ರತಿದಿನವೂ ಅನಿಸುತ್ತಿತ್ತು. ಎರಡು ವರ್ಷ ಕಳೆದರೂ ಆ ಭ್ರಮೆ ಹೋಗಿರಲಿಲ್ಲ, ಹೋಗುವುದೂ ನನಗೆ ಬೇಕಿರಲಿಲ್ಲ.

ಅದಕ್ಕೆ ಮೊದಲು ಹನ್ನೆರಡು ವರ್ಷ ನಾನು ಗಂಗೊಳ್ಳಿಯ ಐಸ್ ಪ್ಲಾಂಟ್‌ನಲ್ಲಿ ದುಡಿದವನು. ಅದು ಮೀನಿಗೆ ಹಾಕುವ ಐಸ್. ಅದನ್ನು ಯಾರೂ ನೋಡಿ ಸಂತೋಷಪಡುವುದಿಲ್ಲ, ಪುಡಿ ಮಾಡಿ ಬಂಗುಡೆಯ ಮೇಲೆ ಸುರಿಯುತ್ತಾರೆ, ಅಷ್ಟೆ. ಅಲ್ಲಿ ನಾನು ಕಲಿತದ್ದು ಒಂದೇ: ಐಸ್ ಹತ್ತಿರ ಬಿಸಿ ಸುಳಿಯಬಾರದು. ಪ್ಲಾಂಟ್‌ನೊಳಗೆ ಬೆಳ್ಳಗೆ ಮಂಜು ಎದ್ದರೆ ಧಣಿಗಳಿಗೆ ಖುಷಿ, ಐಸ್ ಗಟ್ಟಿಯಾಗಿದೆ ಎಂದು ಲೆಕ್ಕ. ಈ ಕಲಿಕೆಯೇ ಮುಂದೆ ನನ್ನ ಮರ್ಯಾದೆ ತೆಗೆಯಿತು.

ರಿಂಕ್‌ನ ಐಸ್ ಬಹಳ ನಾಜೂಕಿನದು. ಕಾಂಕ್ರೀಟ್ ನೆಲದೊಳಗೆ ಸಾಲಾಗಿ ಪೈಪುಗಳು, ಅವುಗಳಲ್ಲಿ ಹರಿಯುವ ತಣ್ಣನೆಯ ಗ್ಲೈಕಾಲ್ ದ್ರಾವಣ, ಮೇಲೆ ಒಂದೂವರೆ ಇಂಚಿನ ಐಸ್. ಐಸ್ ಹಾಕಿ ಆಡಲು ಅದು ಮೈನಸ್ ಐದು ಡಿಗ್ರಿಯ ಆಸುಪಾಸಿನಲ್ಲಿರಬೇಕು. ಇದರ ಜೊತೆ ಡೀಹ್ಯುಮಿಡಿಫೈಯರ್ ಎಂಬ ಯಂತ್ರ ಒಳಗಿನ ಗಾಳಿಯ ತೇವವನ್ನು ಹೀರಿ, ಒಣಗಿದ ಗಾಳಿಯನ್ನು ರಿಂಕ್‌ಗೆ ಬಿಡುತ್ತದೆ. ಹಾಗೆ ಬರುವ ಗಾಳಿ ಸ್ವಲ್ಪ ಬೆಚ್ಚಗಿರುತ್ತದೆ. ಅದರ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ.

ಆ ಸೆಪ್ಟೆಂಬರ್‌ನಲ್ಲಿ ನಮ್ಮಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಅಂತರರಾಷ್ಟ್ರೀಯ ಐಸ್ ಹಾಕಿ ಪಂದ್ಯಾವಳಿ ನಡೆಯಿತು. ನಾಲ್ಕು ತಂಡಗಳು. ದೋಹಾದ ತಂಡದಲ್ಲಿ ಕೆನಡಾ, ರಷ್ಯಾ, ಕತಾರ್ ಮಕ್ಕಳ ಜೊತೆ ನಮ್ಮ ಕಡೆಯ ಒಂದು ಹುಡುಗಿಯೂ ಇದ್ದಳು: ಗೋಲ್‌ಕೀಪರ್ ಸ್ನೇಹಾ. ಅವಳ ಅಪ್ಪ ಬಾಗಲಕೋಟೆಯವರು, ಗ್ಯಾಸ್ ಪ್ಲಾಂಟ್‌ನಲ್ಲಿ ಎಂಜಿನಿಯರ್, ಮನೆ ಅಲ್ ಖೋರ್‌ನಲ್ಲಿ. ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ದೋಹಾ ಮತ್ತು ಕುವೈತ್ ನಡುವೆ ಫೈನಲ್. ಕುವೈತ್ ಮಕ್ಕಳಿಗೆ ಅದೇ ಸಂಜೆ ವಿಮಾನ. ಆರು ಗಂಟೆಯೊಳಗೆ ಆಟ ಮುಗಿಯದಿದ್ದರೆ ಫೈನಲ್ಲೇ ಇಲ್ಲ.

ಪಂದ್ಯಾವಳಿಯ ಪೋಷಕರು ಅಬು ನಾಸಿರ್ ಎಂಬ ಕತಾರಿ ಹಿರಿಯರು. ಅವರ ಮೊಮ್ಮಗನೂ ತಂಡದಲ್ಲಿದ್ದ. ಮುಚ್ಚಿದ ಬಾಗಿಲಿನ ಮುಂದೆ ಅತಿಥಿಗಳು ನಿಲ್ಲುವುದೆಂದರೆ ಅವರಿಗೆ ತಮ್ಮ ಮನೆಗೇ ಅವಮಾನವಾದಂತೆ. ಎರಡು ಗಂಟೆಗೆ ಕಾರ್ ಪಾರ್ಕಿಂಗ್ ಕಡೆಯ ದೊಡ್ಡ ಬಾಗಿಲಿನ ಬಳಿ ಬಂದು, ಅಲ್ಲಿದ್ದ ಲೋಕಣ್ಣನಿಗೆ ಎರಡೂ ರೆಕ್ಕೆ ತೆರೆದಿಡಲು ಹೇಳಿದರು. ಪಕ್ಕದಲ್ಲೇ ಬಂದವರಿಗೆ ಖಾವಾ ಎಂಬ ಅರಬ್ ಕಾಫಿ ಸುರಿದುಕೊಡಲು ಒಬ್ಬನನ್ನು ನಿಲ್ಲಿಸಿದರು.

ಲೋಕಣ್ಣ ಮುಲ್ಕಿಯವನು. ಐಸ್ ಮೇಲೆ ಬಿಸಿನೀರು ಹರಡಿ ನಯಮಾಡುವ ಗಾಡಿಯ ಡ್ರೈವರ್. ಬಾಯಿ ತುಂಬ ಮಾತು, ಕೆಲಸದಲ್ಲಿ ಅಚ್ಚುಕಟ್ಟು. ಅವನ ಹೆಂಡತಿ, ಮಗಳಿಗೆ ಆಗಷ್ಟೇ ವೀಸಾ ಆಗಿತ್ತು. ಅಲ್ ಸದ್ದ್‌ನಲ್ಲಿ ಒಂದು ಸಣ್ಣ ಫ್ಲ್ಯಾಟ್ ಹಿಡಿದು, ಕಿಟಕಿಗೆ ಯಾವ ಬಣ್ಣದ ಪರದೆ ಹಾಕುವುದೆಂದು ವಾರವಿಡೀ ನನ್ನ ತಲೆ ತಿಂದಿದ್ದ. ಅವನ ಕೆಲಸ ಹೋದರೆ ಆ ಎರಡು ವೀಸಾಗಳೂ ಹೋಗುತ್ತಿದ್ದವು.

ಮೂರು ಗಂಟೆಗೆ ಜನ ತುಂಬಿದಾಗ ನನಗೆ ಐಸ್‌ನ ಚಿಂತೆ ಹತ್ತಿತು. ಮೈನಸ್ ಐದು ಇದ್ದದ್ದು ಮೈನಸ್ ನಾಲ್ಕಕ್ಕೆ ಬಂದಿತ್ತು. ಡೀಹ್ಯುಮಿಡಿಫೈಯರ್ ಗಾಳಿಗೆ ಕೈ ಒಡ್ಡಿದೆ, ಬೆಚ್ಚಗಿತ್ತು. ಇದೇ ಕಳ್ಳ ಎಂದುಕೊಂಡು ಯಂತ್ರಗಳಿರುವ ಪ್ಲಾಂಟ್ ರೂಂಗೆ ಹೋಗಿ ಅದನ್ನು ಆರಿಸಿಬಿಟ್ಟೆ. ಯಾರನ್ನೂ ಕೇಳಲಿಲ್ಲ. ಗಂಗೊಳ್ಳಿಯ ಹನ್ನೆರಡು ವರ್ಷದ ಅನುಭವ ಬೆನ್ನಿಗಿರುವಾಗ ಕೇಳುವುದೇನು ಎಂಬ ಕೊಬ್ಬು.

ದೋಹಾದ ಸೆಪ್ಟೆಂಬರ್ ಗಾಳಿಯಲ್ಲಿ ಬಟ್ಟೆಯಂತೆ ಹಿಂಡಬಹುದಾದಷ್ಟು ನೀರಿರುತ್ತದೆ. ಸ್ಥಳೀಯರು ಅದನ್ನು ರುತೂಬಾ ಎನ್ನುತ್ತಾರೆ. ಆ ಗಾಳಿ ತೆರೆದ ಬಾಗಿಲಿನಿಂದ ಬಂದು ಐಸ್ ಮೇಲೆ ಮಲಗಿತು. ಮೊದಲು ಒಂದು ಮೂಲೆಯಲ್ಲಿ ಬಿಳಿಯ ಎಳೆಯೊಂದು ಎದ್ದಿತು. ನಿಜ ಹೇಳುತ್ತೇನೆ, ಅದನ್ನು ಕಂಡು ನನಗೆ ಸಂತೋಷವೇ ಆಯಿತು! ಆಟ ಶುರುವಾಗಿ ಹತ್ತು ನಿಮಿಷಕ್ಕೆ ಮಂಜು ಮಕ್ಕಳ ಮೊಣಕಾಲಿಗೆ ಬಂತು. ಕಾಲುಗಳೇ ಇಲ್ಲದ ಮಕ್ಕಳು ಸದ್ದಿಲ್ಲದೆ ತೇಲುತ್ತಿದ್ದರು. ಎಷ್ಟು ಚಂದ ಎಂದು ಬಾಯಿ ಬಿಟ್ಟು ನೋಡುತ್ತಿದ್ದೆ. ನೋಡನೋಡುತ್ತ ಸೊಂಟ, ಹೆಗಲು, ಕೊನೆಗೆ ತಲೆಯೂ ಮುಳುಗಿತು. ಎದುರಿನ ಗ್ಯಾಲರಿ ಕಾಣದಾಯಿತು. ಬೆಳ್ಳಗಿನ ಆ ಶೂನ್ಯದೊಳಗಿಂದ ಬ್ಲೇಡುಗಳ ಸರಸರ, ಯಾರದೋ ನಗು, ಆಮೇಲೆ ರೆಫರಿಯ ಸೀಟಿ. ಕುವೈತ್ ಒಂದು ಗೋಲು ಹೊಡೆದಿತ್ತು.

ಸ್ನೇಹಾ ಹೆಲ್ಮೆಟ್ ತೆಗೆದು ನಾನಿದ್ದ ಅಂಚಿಗೆ ಬಂದಳು. ಕಣ್ಣು ತುಂಬಿತ್ತು.

"ಅಂಕಲ್, ಪಕ್ ಕಾಣ್ಸವಲ್ದು. ಗೋಲ್ ಆದ್ಮ್ಯಾಲೆ ಸೌಂಡ್ ಕೇಳ್ತದ. ಹೆಂಗ್ ಸೇವ್ ಮಾಡ್ಲಿ?"

ರೆಫರಿ ಆಟ ನಿಲ್ಲಿಸಿದ. ಪಕ್ ಎಂಬ ಆ ಕರಿಯ ಬಿಲ್ಲೆ ಕಾಣದೆ ಬಂದು ಮುಖಕ್ಕೆ ಬಡಿದರೆ ಹಲ್ಲು ಉಳಿಯುವುದಿಲ್ಲ. ಅಷ್ಟರಲ್ಲಿ ಮಾಲ್‌ನ ಮ್ಯಾನೇಜರ್ ಓಡಿಬಂದ. ಲೆಬನಾನಿನವನು, ಮುಂಗೋಪಿ. ತೆರೆದ ಬಾಗಿಲು ಕಂಡದ್ದೇ ಲೋಕಣ್ಣನ ಮೇಲೆ ಹರಿಹಾಯ್ದ.

"ಬಾಗಿಲು ತೆರೆಯೋಕೆ ನಿನಗೆ ಹೇಳಿದ್ದು ಯಾರು? ಖಲಾಸ್! ನಾಳೆಯೇ ಊರಿಗೆ ನಿನ್ನ ಟಿಕೆಟ್."

ಲೋಕಣ್ಣ ಬಾಗಿಲು ಮುಚ್ಚಿದ. ಅಬು ನಾಸಿರ್ ಅವರ ಹೆಸರು ಹೇಳಲಿಲ್ಲ. ಗೋಡೆಗೆ ಒರಗಿ ನಿಂತು ನನ್ನ ಕಡೆ ಒಮ್ಮೆ ನೋಡಿದ.

ನಾನು ಪ್ಲಾಂಟ್ ರೂಂಗೆ ಓಡಿದೆ. ಡೀಹ್ಯುಮಿಡಿಫೈಯರ್ ಚಾಲೂ ಇದ್ದಿದ್ದರೆ ತೆರೆದ ಬಾಗಿಲನ್ನೂ ಅದು ತಕ್ಕಮಟ್ಟಿಗೆ ತಾಳಿಕೊಳ್ಳುತ್ತಿತ್ತು ಎಂದು ಆಗ ಹೊಳೆಯಿತು. ಹಿಂದಿನ ದಿನವೂ ಆ ಬಾಗಿಲು ಬಹಳ ಹೊತ್ತು ತೆರೆದಿತ್ತು, ಆಗ ಏನೂ ಆಗಿರಲಿಲ್ಲ. ಸ್ವಿಚ್ ಹಾಕಿದೆ. ಯಂತ್ರ ಗುಂಯ್‌ಗುಡತೊಡಗಿತು. ಅಲ್ಲಿಂದ ತಕ್ಷಣ ಹೊರಗೆ ಬರಬೇಕಿತ್ತು. ಬರಲಿಲ್ಲ. ಕಬ್ಬಿಣದ ಸ್ಟೂಲ್ ಮೇಲೆ ಕೂತೆ. ಬ್ರೇಕರ್ ಟ್ರಿಪ್ ಆಗಿ ಯಂತ್ರ ತಾನಾಗಿ ನಿಂತಿತ್ತು ಎಂದರಾಯಿತು, ಯಾರಿಗೆ ಗೊತ್ತಾಗುತ್ತದೆ? ಹೇಗೂ ಬಾಗಿಲು ತೆರೆದಿದ್ದು ಲೋಕಣ್ಣನೇ ತಾನೆ? ಆ ಗುಂಯ್ ಸದ್ದು ಜೋಗುಳದಂತೆ ಕೇಳುತ್ತಿತ್ತು. ಹೊರಗಿನದೆಲ್ಲ ಕನಸು, ಕೂತಿದ್ದರೆ ತಾನಾಗಿ ಕರಗುತ್ತದೆ ಎನಿಸುತ್ತಿತ್ತು. ಗಡಿಯಾರ ನೋಡಿದಾಗ ಏಳು ನಿಮಿಷ ಕಳೆದಿತ್ತು. ಲೋಕಣ್ಣನ ಕಿಟಕಿಯ ಪರದೆ ನೆನಪಾಯಿತು. ನಾಚಿಕೆಯಿಂದ ಎದ್ದು ಬಂದೆ.

ಮ್ಯಾನೇಜರ್, ರೆಫರಿ ಇಬ್ಬರೂ ಬಾಗಿಲ ಬಳಿಯೇ ಇದ್ದರು.

"ತಪ್ಪು ನನ್ನದು," ಎಂದೆ. "ಡೀಹ್ಯುಮಿಡಿಫೈಯರ್ ಆರಿಸಿದ್ದು ನಾನು. ಬಾಗಿಲು ಒಂದರಿಂದಲೇ ಇಷ್ಟು ಮಂಜು ಏಳುತ್ತಿರಲಿಲ್ಲ."

"ಹಾಗಾದರೆ ಎರಡು ಟಿಕೆಟ್," ಎಂದ ಮ್ಯಾನೇಜರ್.

ಆಗ ಮಂಜಿನೊಳಗಿಂದ ಬಿಳಿಯ ನಿಲುವಂಗಿಯೊಂದು ನಿಧಾನವಾಗಿ ಮೂಡಿಬಂತು. ಅಬು ನಾಸಿರ್. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಬಾಗಿಲು ತೆರೆಸಿದವನು ನಾನು. ಯಂತ್ರ ಆರಿಸಿದವನು ತಾನೇ ಬಂದು ಒಪ್ಪಿಕೊಂಡ. ಇನ್ನು ಟಿಕೆಟ್ ಯಾರಿಗೆ ತೆಗೆಯುತ್ತೀ?" ಎಂದು ಮ್ಯಾನೇಜರ್‌ನನ್ನು ಕೇಳಿದರು. ಮ್ಯಾನೇಜರ್ ಟಿಕೆಟ್‌ನ ಮಾತು ಅಲ್ಲಿಗೇ ಬಿಟ್ಟ.

ಯಂತ್ರವೊಂದೇ ಆ ಮಂಜನ್ನು ಒಣಗಿಸಲು ಒಂದೂವರೆ ಗಂಟೆಯಾದರೂ ಬೇಕಿತ್ತು. ನಮ್ಮಲ್ಲಿ ಅಷ್ಟು ಹೊತ್ತಿರಲಿಲ್ಲ. ಆಗ ಲೋಕಣ್ಣ ನನ್ನ ಕಡೆ ತಿರುಗಿ ಬಾಯಿ ತೆರೆದ. ಅವನೂ ಊರಿನಲ್ಲಿದ್ದಾಗ ಮೀನಿನ ಬೋಟುಗಳಿಗೆ ಐಸ್ ಹೊತ್ತವನೇ.

"ಸದಾಶಿವಣ್ಣ, ಐಸ್ ಪ್ಲಾಂಟ್‌ನಲ್ಲಿ ಐಸಿನ ಕ್ಯಾನ್ ಎತ್ತುವಾಗ ಮಂಜಿನಿಂದ ಏನೂ ಕಾಣದಿದ್ರೆ ನಾವು ಗೋಣಿ ಬೀಸುದಿಲ್ವಾ? ಇಲ್ಲಿ ಇಷ್ಟು ಮಕ್ಕಳು ಉಂಟಲ್ಲ ಮಾರಾಯ್ರೆ. ಎಲ್ರ ಕೈಗೂ ಟವೆಲ್ ಕೊಡುವ."

ರೆಫರಿ ಎರಡೂ ತಂಡಗಳನ್ನು ಕರೆದ. ಮೂವತ್ತಕ್ಕೂ ಹೆಚ್ಚು ಮಕ್ಕಳು ಟವೆಲ್ ಎತ್ತಿ ಹಿಡಿದು, ಒಂದೇ ದಿಕ್ಕಿನಲ್ಲಿ ಸುತ್ತು ಹಾಕತೊಡಗಿದರು. ಯಾರು ಕುವೈತ್, ಯಾರು ದೋಹಾ ಎಂದು ತಿಳಿಯುತ್ತಿರಲಿಲ್ಲ. ಅಬು ನಾಸಿರ್ ಅವರ ಮೊಮ್ಮಗ ಬಂದು ಅಜ್ಜನ ತಲೆವಸ್ತ್ರವನ್ನೇ ಎಳೆದುಕೊಂಡು ಹೋದ. ಅವರು "ಯಲ್ಲಾ, ಯಲ್ಲಾ!" ಎಂದು ಚಪ್ಪಾಳೆ ತಟ್ಟುತ್ತ ನಿಂತರು. ಬಿಳಿ ಬಟ್ಟೆಗಳು ಬಿಳಿ ಮಂಜಿನಲ್ಲಿ ಮುಳುಗಿ ಏಳುತ್ತಿದ್ದವು. ಹೊರಗೆ ಮರುಭೂಮಿ ಇದೆ ಎಂಬುದು ಆ ಹೊತ್ತಿಗೆ ಯಾರಿಗೂ ನೆನಪಿದ್ದಿರಲಾರದು. ಇಪ್ಪತ್ತೈದು ನಿಮಿಷಕ್ಕೆ ಎದುರಿನ ಗ್ಯಾಲರಿ ಮಸುಕಾಗಿ ಕಂಡಿತು. ಆಮೇಲೆ ಐಸ್ ಮೇಲಿನ ಕೆಂಪು ಗೆರೆ, ಕೊನೆಗೆ ಗೋಲಿನ ಬಲೆ.

ಆಟ ಮುಂದುವರಿಯಿತು. ಮಂಜಿನಲ್ಲಿ ಆದ ಗೋಲನ್ನು ರೆಫರಿ ತೆಗೆದುಹಾಕಿದ, ಕುವೈತ್‌ನ ಕೋಚ್ ತಕರಾರು ಮಾಡಲಿಲ್ಲ. ದೋಹಾ ಎರಡು-ಮೂರರಿಂದ ಸೋತಿತು. ಸ್ನೇಹಾ ಅಳಲಿಲ್ಲ. "ಮೂರೂ ಗೋಲ್ ಕಾಣ್ಸಿದ್ವು ಅಂಕಲ್," ಎಂದಳು.

ಮುಂದಿನ ತಿಂಗಳು ಲೋಕಣ್ಣನ ಸಂಸಾರ ಬಂತು. ಅವರನ್ನು ಕರೆತರಲು ಏರ್‌ಪೋರ್ಟ್‌ಗೆ ಅವನ ಜೊತೆ ನಾನೂ ಹೋಗಿದ್ದೆ. ಕಾಯುತ್ತ ನಿಂತಾಗ, ಆ ದಿನ ನನ್ನಿಂದ ನಿನಗೆ ಅನ್ಯಾಯವಾಗುವುದರಲ್ಲಿತ್ತು ಎಂದು ಹೇಳಿಕೊಂಡೆ. 

"ಆ ಯಂತ್ರದ ಗಾಳಿಯ ಪೈಪು ರಿಂಕ್‌ನ ದೊಡ್ಡ ಬಾಗಿಲಿನ ಮೇಲೆಯೇ ಅಲ್ವಾ ಇರುದು?" ಎಂದ ಲೋಕಣ್ಣ. "ಅದು ಬಂದ್ ಆದದ್ದು ನನಗೆ ಆಗಲೇ ಗೊತ್ತಾಗಿತ್ತು. ನೀವು ಪ್ಲಾಂಟ್ ರೂಂಗೆ ಹೋದದ್ದು ನೋಡಿದ್ದೆ, ನೀವೇ ಆರಿಸಿದ್ದು ಅಂತಲೂ ಗೊತ್ತಿತ್ತು. ನೀವು ಬಂದು ಹೇಳ್ತೀರಿ ಅಂತ ನಿಂತೆ."

ಅನಂತರ ಇನ್ನೂ ಹನ್ನೊಂದು ವರ್ಷ ಗಲ್ಫ್‌ನ ಬೇರೆ ಬೇರೆ ಕಡೆ ಚಿಲ್ಲರ್, ಕೋಲ್ಡ್ ಸ್ಟೋರೇಜ್ ಎಂದು ದುಡಿದು ನಿವೃತ್ತನಾದೆ. ಏನೇ ಕೆಟ್ಟರೂ ನನ್ನ ಕೈ ತಾಗಿದ್ದರೆ ಅದನ್ನೇ ಮೊದಲು ಹೇಳುವ ರೂಢಿ ಮಾಡಿಕೊಂಡೆ. ಇದು ದೊಡ್ಡ ಪ್ರಾಮಾಣಿಕತೆಯೇನಲ್ಲ. ತಪ್ಪು ಮಾಡಿದವನು ಹೇಳಲೋ ಬೇಡವೋ ಎಂದು ಕೂತು ಯೋಚಿಸುವಾಗ, ಅಷ್ಟೂ ಹೊತ್ತು ಇನ್ನೊಬ್ಬ ಅವನ ಬದಲು ನಿಂತಿರುತ್ತಾನೆ. ನನಗಾಗಿ ಲೋಕಣ್ಣ ಏಳು ನಿಮಿಷ ನಿಂತಿದ್ದ.