ಪಾಚಿಯ ಹಾಳೆಯೂ ಗೌರಿಯ ಅನ್ನವೂ

ಹೊಸ ತಿಂಡಿಯ ಹೆಸರು ಕೇಳಿದರೆ ಸಾಕು, ನನ್ನ ನಾಲಿಗೆ ನನ್ನನ್ನು ಕೇಳದೆಯೇ ಒಪ್ಪಿಕೊಂಡುಬಿಡುತ್ತದೆ. ಅದನ್ನು ಮಾಡುವ ಕಷ್ಟ ಹೆಂಡತಿಯದು ಎಂಬುದು ಅದಕ್ಕೆ ಆಮೇಲೆ ಹೊಳೆಯುತ್ತದೆ.

ರೇಷ್ಮೆಹುಳು ಸಾಕುವ ವಿದ್ಯೆ ಕಲಿಯಲು ಜಪಾನಿಗೆ ಹೋಗಿದ್ದ ನಮ್ಮ ಭಾವ, ಕೊರಿಯಾ ದೇಶವನ್ನೂ ನೋಡಿಕೊಂಡು ಮೈಸೂರಿಗೆ ಮರಳಿದರು. ನಾವು ರೇಷ್ಮೆಗಾಗಿ ಕಾದಿದ್ದರೆ ಬಂದದ್ದು ಒಂದು ತಗಡಿನ ಡಬ್ಬಿ. ಒಳಗೆ ಕಚೇರಿಯ ಕಾರ್ಬನ್ ಕಾಗದದಂಥ ಕರಿ ಹಾಳೆಗಳು. ಸಮುದ್ರದ ಪಾಚಿಯನ್ನು ಒಣಗಿಸಿ ಮಾಡಿದ್ದಂತೆ. ಕೊರಿಯಾದವರು ಅದರ ಮೇಲೆ ಅನ್ನ ಹರಡಿ, ನಡುವೆ ತರಕಾರಿ ಇಟ್ಟು, ಚಾಪೆಯ ಹಾಗೆ ಸುತ್ತಿ, ಬಿಲ್ಲೆ ಬಿಲ್ಲೆಯಾಗಿ ಕೊಯ್ದು ತಿನ್ನುತ್ತಾರಂತೆ. "ಭಾನುವಾರ ನಿಮ್ಮಕ್ಕನ್ನೂ ಕರ್ಕೊಂಡು ಊಟಕ್ಕೆ ಬರ್ತೀನಿ, ಮಾಡ್ಸಿಡಪ್ಪ" ಎಂದರು ಭಾವ. ನಾನು ಆಗಲೇ ತಲೆಯಾಡಿಸಿಯಾಗಿತ್ತು.

ತೊಡಕು ಪಾಚಿಯದಲ್ಲ, ಅನ್ನದ್ದು. ಸುರುಳಿ ನಿಲ್ಲಬೇಕಾದರೆ ಅನ್ನ ಅಂಟಬೇಕು. ನನ್ನ ಹೆಂಡತಿ ಗೌರಿ ಮೇಟಗಳ್ಳಿಯ ರೈತರ ಮನೆಯವಳು. ಮದುವೆಯಾದ ಹೊಸತರಲ್ಲಿ ನಮ್ಮಕ್ಕ, "ರಾಗಿಮುದ್ದೆ ಊರಿನೋಳು, ಅನ್ನಾನೂ ಮುದ್ದೆ ಮಾಡ್ತಾಳೆ" ಎಂದು ಆಡಿಕೊಂಡಿದ್ದಳು. ಅಂದಿನಿಂದ ನಜರ್‌ಬಾದಿನ ನಮ್ಮ ಮನೆಯಲ್ಲಿ ಗಂಜಿ ಬಸಿಯುವುದೊಂದು ವ್ರತ. ಅಗುಳಿಗೆ ಅಗುಳು ತಾಕದಂತೆ ಅನ್ನ ಮಾಡಿ ಗೌರಿ ಕೇರಿಯಲ್ಲೆಲ್ಲ ಹೆಸರು ಗಳಿಸಿದ್ದಳು. ಈಗ ಅದೇ ಅಕ್ಕನ ಎಲೆಗೆ, ಬೇಕೆಂದೇ ಮುದ್ದೆ ಮಾಡಿದ ಅನ್ನ!

"ನನ್ನ ಮರ್ಯಾದೆ ಕಳೀಬೇಕು ಅಂತ್ಲೇ ಹಡಗು ಹತ್ಕೊಂಡ್ ಹೋಗಿದ್ರಾ ನಿಮ್ಮ ಭಾವ? ನನ್ ಕೈಲಿ ಆಗಾಕಿಲ್ಲ ಬುಡಿ" ಎಂದಳು ಗೌರಿ.

ಯೋಚಿಸಿದರೆ, ಅಕ್ಕಿ ತಿನ್ನುವ ಜನರಲ್ಲಿ ಎರಡೇ ಪಂಗಡ: ಅನ್ನ ಉದುರಬೇಕೆನ್ನುವವರು, ಅಂಟಬೇಕೆನ್ನುವವರು. ಇದಕ್ಕಾಗಿ ಯಾವ ರಾಜನೂ ದಂಡೆತ್ತಿ ಹೋಗದಿದ್ದದ್ದು ನಮ್ಮ ಪುಣ್ಯ. ಅಡಗಿಸಿಡುವ ವಿದ್ಯೆಯಲ್ಲಿ ಮಾತ್ರ ಎಲ್ಲರೂ ಒಂದೇ. ನಾವು ಹೋಳಿಗೆಯಲ್ಲಿ ಹೂರಣ ಅಡಗಿಸುತ್ತೇವೆ, ಅವರು ಪಾಚಿಯಲ್ಲಿ ಮೂಲಂಗಿ.

ಭಾನುವಾರ ಬೆಳಿಗ್ಗೆ ಗೌರಿಯ ಉದುರನ್ನದಲ್ಲೇ ಸುತ್ತಿ ನೋಡಿದೆ. ಚಾಕು ಇಟ್ಟೊಡನೆ ಸುರುಳಿ ಬಾಯಿಬಿಟ್ಟು, ಅಗುಳುಗಳು ಜಂಬೂಸವಾರಿ ಮುಗಿದ ಮೇಲಿನ ಜನದಂತೆ ದಿಕ್ಕಿಗೊಂದಾಗಿ ಚೆದುರಿದವು. ಗೌರಿಗೆ ನನ್ನ ಮೇಲೆ ಕನಿಕರ ಬಂತೋ, ಹಾಳಾಗುವ ಅಕ್ಕಿಯ ಮೇಲೆ ಬಂತೋ, ಬೇರೆ ಅನ್ನಕ್ಕಿಟ್ಟು, ಗಂಜಿ ಬಸಿಯದೆ ಇಂಗಿಸಿ, ಮುದ್ದೆಕೋಲಿನಲ್ಲಿ ತಿರುವಿದಳು. ಎಳ್ಳೆಣ್ಣೆ ಹಾಕಬೇಕೆಂದು ನಾನು ಹೇಳಿದಾಗ ಮಾತ್ರ, "ತಿನ್ನೋಕೋ, ಶನಿದೇವರಿಗೆ ದೀಪ ಹಚ್ಚೋಕೋ?" ಎಂದು ಗೊಣಗಿದಳು. ಬಾಳೆಲೆಯ ಮೇಲೆ ಅವಳು ಸುತ್ತಿದ ಸುರುಳಿಗಳು ರೂಲುದೊಣ್ಣೆಯಷ್ಟು ನೆಟ್ಟಗೆ ಬಂದವು.

ಅಕ್ಕ ಭಾವನ ಜೊತೆ ಬಂದಳು, ಎಲೆಯ ಮುಂದೆ ಕೂತಳು, ಬಿಲ್ಲೆಯೊಂದನ್ನು ಒತ್ತಿ ನೋಡಿದಳು. "ಇದೇನೇ ಗೌರಿ, ಅನ್ನ ಮುದ್ದೆಯಾಗೋಗಿದೆ?"

ಗೌರಿಯ ಕಣ್ಣು ತುಂಬಿಬಂತು. ನನಗೆ ತಡೆಯಲಾಗಲಿಲ್ಲ. "ಅವಳಲ್ಲ ಕಣಕ್ಕ, ಇವತ್ತಿನ ಅಡಿಗೆಯೆಲ್ಲ ನಂದು" ಎಂದುಬಿಟ್ಟೆ. ಗೌರಿ ನನ್ನತ್ತ ನೋಡಿದ ನೋಟಕ್ಕೆ, ಮದುವೆಯಾದದ್ದು ಸಾರ್ಥಕವಾಯಿತೆನ್ನಿಸಿತು.

ಅಕ್ಕ ಬಿಲ್ಲೆಯನ್ನು ಬಾಯಿಗೆ ಹಾಕಿಕೊಂಡಳು. ಇನ್ನೊಂದು ತೆಗೆದುಕೊಂಡಳು. ಮತ್ತೊಂದು. "ಲೋ ಸಿದ್ದು, ಎಂಥ ಕೈ ಕಣೋ ನಿಂದು! ಇಷ್ಟು ವರ್ಷದಲ್ಲಿ ಈ ಮನೇಲಿ ಇಂಥ ರುಚಿ ಕಂಡಿರ್ಲಿಲ್ಲ. ಮುಂದಿನ ವಾರ ನಮ್ಮನೇಲಿ ಎಲ್ಲರಿಗೂ ಮಾಡಿ ಬಡಿಸ್ಬೇಕು."

ನಿಜ ಹೇಳಲು ಬಾಯಿ ತೆರೆದೆ. ಭಾವ ಪ್ರೀತಿಯಿಂದ ಅದರೊಳಗೊಂದು ಬಿಲ್ಲೆ ತುರುಕಿದರು. ಅಷ್ಟರಲ್ಲಿ ಗೌರಿ ಕಣ್ಣೊರೆಸಿಕೊಂಡು ಸೆರಗು ಸಿಕ್ಕಿಸಿಯಾಗಿತ್ತು.

"ಅದಕ್ಕೇನತ್ತಿಗೆ, ಕಳಿಸ್ತೀನಿ. ಅಡಿಗೆಮನೆಗೆ ಇವರೊಬ್ರನ್ನೇ ಬುಡಿ. ಬೇರೆ ಯಾರೂ ಕೈ ಹಾಕ್ಬಾರ್ದು."

ಹೆಂಡತಿಯ ತಪ್ಪನ್ನು ತಲೆಯ ಮೇಲೆ ಹೊತ್ತುಕೊಳ್ಳುವ ಗಂಡ, ಮೊದಲು ಅದರ ರುಚಿ ನೋಡಿಕೊಳ್ಳುವುದು ಒಳ್ಳೆಯದು.