ಅಕ್ಕನ ಎಣ್ಣೆಯಲ್ಲಿ ಮೂರು ಮೇಕೆ

ರಸಾಯನಶಾಸ್ತ್ರದವರಿಗೆ ಹೆಸರಿಡಲು ಬರುವುದಿಲ್ಲ. ತಿಪಟೂರಿನ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಅದನ್ನೇ ಪಾಠ ಮಾಡಿಕೊಂಡು ಬಂದವನು ನಾನು, ಹಾಗಾಗಿ ಇಷ್ಟು ಹೇಳುವ ಹಕ್ಕು ನನಗಿದೆ. ಯಾವುದೋ ಸಂಯುಕ್ತದ ರಚನೆ ಬರೆದಾಗ ಪೆಂಗ್ವಿನ್ ಹಕ್ಕಿಯಂತೆ ಕಂಡಿತೆಂದು ಅದಕ್ಕೆ ಪೆಂಗ್ವಿನೋನ್ ಎಂದು ಹೆಸರಿಟ್ಟಿದ್ದಾರೆ. ಮೋರಾನಿಕ್ ಆಮ್ಲ ಅಂತ ಒಂದಿದೆ. ಇಂಗ್ಲಿಷ್ ಬಲ್ಲವರ ಕಿವಿಗೆ ಅದು ಪೆದ್ದನ ಆಮ್ಲ. ಹೆಣ ಕೊಳೆತಾಗ ನಾರುವ ವಸ್ತುವಿಗೆ ಹೆಣದ ಹೆಸರೇ, ಕೆಡಾವರಿನ್. ಅದಿರು ಕಾಯಿಸಿದರೆ ಬೆಳ್ಳಿಯ ಬದಲು ವಿಷದ ಹೊಗೆ ಬಂತೆಂದು ಜರ್ಮನಿಯ ಗಣಿಯವರು ಒಂದು ತುಂಟ ದೆವ್ವವನ್ನು ಬೈದರಂತೆ. ಆ ದೆವ್ವವೇ ಇವತ್ತಿನ ಕೋಬಾಲ್ಟ್. ನಮ್ಮ ಚಿಕ್ಕನಾಯಕನಹಳ್ಳಿ ಕಡೆಯ ಗಣಿಗಳಲ್ಲಿ ದುಡಿದವರೂ ಮಣ್ಣನ್ನು ಬೇಕಾದಷ್ಟು ಬೈದಿದ್ದಾರೆ. ಅವರ ಬೈಗುಳವನ್ನು ಮಾತ್ರ ಯಾರೂ ಪಠ್ಯಪುಸ್ತಕಕ್ಕೆ ಸೇರಿಸಲಿಲ್ಲ.

ಇಂಥ ಹೆಸರುಗಳನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಗುಡ್ಡೆ ಹಾಕಿಕೊಂಡಿದ್ದೇನೆ. ಮಧ್ಯಾಹ್ನದ ಪಿರಿಯಡ್ಡಿನಲ್ಲಿ ಹುಡುಗರು ತೂಕಡಿಸಿದಾಗ ಒಂದನ್ನು ಬಿಡುತ್ತೇನೆ. ನಗುತ್ತಾರೆ. ನಗದ ದಿನ ನನಗೆ ಊಟ ಸೇರುವುದಿಲ್ಲ.

ಹೊನ್ನವಳ್ಳಿಯಲ್ಲಿರುವ ನನ್ನ ಅಕ್ಕ ಮೋಟಾರಿನ ಗಾಣ ಹಾಕಿಸಿ, ತೋಟದ ಕೊಬ್ಬರಿಯಿಂದ ಎಣ್ಣೆ ತೆಗೆಯತೊಡಗಿದ ವರ್ಷದ ಮಾತು ಇದು. ಐವತ್ತು ದಾಟಿದ ಮೇಲೆ ಅವಳು ತನ್ನದೆಂದು ಹಿಡಿದ ಮೊದಲ ಕೆಲಸ. ದಂಡಿನಶಿವರದಲ್ಲಿರುವ ನಮ್ಮ ಸೋದರಮಾವ, ಹಳೆಯ ಕೊಬ್ಬರಿ ವ್ಯಾಪಾರಿ, ತಮ್ಮೂರಿನ ಈಶ್ವರನ ಗುಡಿಗೆ ಕಾರ್ತಿಕ ಪೂರ್ತಿ ಅವಳದೇ ಎಣ್ಣೆ ಎಂದು ಮಾತು ಕೊಟ್ಟಿದ್ದರು. ಗುಡಿಯಲ್ಲಿ ಉರಿಯುವ ಎಣ್ಣೆಯೆಂದರೆ ಸುತ್ತಲಿನವರು ಹಿಂದುಮುಂದು ನೋಡದೆ ಖರೀದಿಸುತ್ತಾರೆ. ಅಕ್ಕನ ಗಾಣ ನಡೆಯುವುದೋ ಮುಚ್ಚುವುದೋ ಗುಡಿಗೆ ಹೋಗುವ ಆ ಎಣ್ಣೆಡಬ್ಬಗಳ ಮೇಲಿತ್ತು.

ಇರಲಿ ಎಂದು ಅವಳು ಎಣ್ಣೆಯನ್ನು ಲ್ಯಾಬಿಗೂ ಕಳಿಸಿದ್ದಳು. ಶುದ್ಧ ಕೊಬ್ಬರಿ ಎಣ್ಣೆ ಎಂದು ವರದಿ ಬಂತು, ಜೊತೆಗೆ ಅದರಲ್ಲಿರುವ ಆಮ್ಲಗಳ ಪಟ್ಟಿ. ಫೋಟೋ ತೆಗೆದು ನನಗೆ ಕಳಿಸಿ, “ಎಲ್ರಿಗೂ ತಿಳಿಯಂಗೆ ಗ್ರೂಪ್ನಾಗೆ ಒಂದೆರಡು ಮಾತು ಬರಿಯಪ್ಪ” ಅಂದಳು.

ಪಟ್ಟಿಯಲ್ಲಿ ಕ್ಯಾಪ್ರೋಯಿಕ್, ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಎಂಬ ಮೂರು ಆಮ್ಲಗಳಿದ್ದವು. ಮೂರಕ್ಕೂ ಲ್ಯಾಟಿನ್ ಭಾಷೆಯ ಮೇಕೆಯ ಹೆಸರು, ಅವುಗಳ ವಾಸನೆ ಹಾಗಿದೆಯೆಂದು. ತೆಂಗಿನೆಣ್ಣೆಯಲ್ಲಿ ಎಲ್ಲಕ್ಕಿಂತ ಹೆಚ್ಚಿರುವ ಲಾರಿಕ್ ಆಮ್ಲಕ್ಕಾದರೂ ತೆಂಗಿನ ಹೆಸರಿದೆಯೇ ಎಂದರೆ, ಅದಕ್ಕಿರುವುದು ಯುರೋಪಿನ ಒಂದು ಗಿಡದ ಹೆಸರು. ಜನ್ಮದಲ್ಲಿ ಒಂದು ತೆಂಗಿನ ತೋಟ ನೋಡದವರು ಮಾಡಿದ ಕೆಲಸ. ಸಿಟ್ಟಿಗಿಂತ ನನಗೆ ಹುರುಪು ಹೆಚ್ಚಾಯಿತು. ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಬರೆದೆ: “ಅಕ್ಕನ ಎಣ್ಣೆಯಲ್ಲಿ ಮೂರು ಮೇಕೆಗಳಿವೆ.” ಅದರ ಕೆಳಗೆ ಒಂದು ಪುಟದಷ್ಟು ವಿವರಣೆ.

ವಿವರಣೆಯನ್ನು ಯಾರೂ ಓದಲಿಲ್ಲ. ಮೊದಲ ಸಾಲು ಮಾತ್ರ ಗ್ರೂಪಿನಿಂದ ಗ್ರೂಪಿಗೆ ನಡೆದು ತುರುವೇಕೆರೆ ದಾಟಿತು. ಮೂರನೆಯ ದಿನ ಮಾವನ ಫೋನು.

“ನಿಮ್ಮಕ್ಕಂಗೆ ಎಣ್ಣೆ ಬ್ಯಾಡ ಅಂತ ಹೇಳ್ಬುಡ್ಲಾ. ಮೇಕೆ ಕೊಬ್ಬು ಬೆರೆತಿದ್ದನ್ನ ಶಿವನ ಮುಂದೆ ಹಚ್ಚಕ್ಕಾಯ್ತದಾ?”

ಅಕ್ಕ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. “ನೀನೇ ಬರ್ದಿದ್ದು, ನೀನೇ ಹೋಗಿ ಅಳ್ಸು” ಅಂದಳು.

ವರದಿ, ಅಕ್ಕನ ಎಣ್ಣೆಯ ಒಂದು ಬಾಟಲಿ, ಎರಡು ಪೆನ್ನು, ಬಿಪಿ ಮಾತ್ರೆ, ಇಷ್ಟನ್ನೂ ಚೀಲದಲ್ಲಿ ಹಾಕಿಕೊಂಡು ದಂಡಿನಶಿವರಕ್ಕೆ ಹೋದೆ. ಮಾವ ಜಗಲಿಯ ಮೇಲೆ ಕೂತಿದ್ದರು.

“ಮಾವ, ಹೆಸರು ಮಾತ್ರ ಮೇಕೇದು. ಆಮ್ಲ ತೆಂಗಿಂದೇ.”

“ತೆಂಗಿಂದಾದ್ರೆ ಮೇಕೆ ಹೆಸ್ರು ಯಾಕಿಟ್ರು?”

“ವಾಸನೆ ಹಂಗಿತ್ತಂತೆ.”

“ನಮ್ಮ ಕೊಬ್ರಿ ಎಣ್ಣೆ ಮೇಕೆ ನಾತ ಹೊಡೀತದೆ ಅಂತೀಯೇನ್ಲಾ?”

“ಅಕ್ಕಂದೊಂದೇ ಅಲ್ಲ ಮಾವ. ಎಲ್ಲಾ ಕೊಬ್ರಿ ಎಣ್ಣೇಲೂ ಇರ್ತದೆ. ನಿಮ್ಮನೇದ್ರಲ್ಲೂ ಐತೆ.”

ಇದಕ್ಕೆ ಮೊದಲೇ ನಿಲ್ಲಿಸಬೇಕಿತ್ತು. ಮಾವ, ಬೆಳಗ್ಗೆ ತಾನೇ ಎಣ್ಣೆ ಹಚ್ಚಿಕೊಂಡಿದ್ದ ತಲೆಯನ್ನು ಮುಟ್ಟಿ ನೋಡಿಕೊಂಡರು. ಆಮೇಲೆ ಒಳಕ್ಕೆ ಕೂಗಿ, ದೇವರ ಮುಂದಿನ ದೀಪ ತೆಗೆದಿಟ್ಟು ಎಳ್ಳೆಣ್ಣೆ ಹುಡುಕಲು ಹೇಳಿದರು. ಅಕ್ಕನ ಎಣ್ಣೆಯನ್ನು ಉಳಿಸಲು ಹೋದವನು ಇಡೀ ಸೀಮೆಯ ಕೊಬ್ಬರಿಗೇ ಮೈಲಿಗೆ ತಂದು ಕೂತಿದ್ದೆ.

ಅಷ್ಟರಲ್ಲಿ ಜಗಲಿಯ ಕೆಳಗಿನಿಂದ ಯಾರೋ, “ಎಲ್ಲಿ, ಆ ಎಣ್ಣೆ ಒಂದು ಚೂರು ಕೊಡಿ” ಅಂದರು. ಹುಳಿಯಾರಿನ ಕಡೆಯ ಹಟ್ಟಿಯ ಹೆಂಗಸು. ಪ್ರತಿವರ್ಷ ಗೊಬ್ಬರಕ್ಕೆಂದು ಮಾವನ ತೋಟದಲ್ಲಿ ಕುರಿಮೇಕೆಯ ಮಂದೆ ತಂಗಿಸುವವಳು. ಈ ಸಲ ಯಾವಾಗ ತರಲಿ ಎಂದು ಕೇಳಲು ಬಂದು, ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳು. ನನ್ನ ಬಾಟಲಿಯಿಂದ ನಾಲ್ಕು ಹನಿ ಅಂಗೈಗೆ ಹಾಕಿಸಿಕೊಂಡು ತಿಕ್ಕಿ ಮೂಸಿದಳು.

“ಹುಟ್ದಾಗಿಂದ ಹೋತದ ನಾತದಾಗೇ ಬೆಳ್ದೋಳು ನಾನು. ಇದ್ರಾಗೆ ಮೇಕೆ ಇಲ್ಲ, ಕೊಬ್ರಿ ಐತೆ.” ನನ್ನತ್ತ ತಿರುಗಿದಳು. “ಓದ್ದೋರಿಗೆ ಮೂಗಿರಾಕಿಲ್ವಾ ಮೇಷ್ಟ್ರೆ?”

“ಹೆಸ್ರು ಮೇಕೇದಂತಲ್ಲಮ್ಮ” ಎಂದರು ಮಾವ, ಸ್ವಲ್ಪ ದನಿ ತಗ್ಗಿಸಿ.

“ನಿಮ್ಮ ತೆಂಗಿನ ಬುಡಕ್ಕೆ ನಮ್ಮ ಮೇಕೆ ಹಿಕ್ಕೆ ಆಯ್ತದೆ. ಆ ಕಾಯಿ ಶಿವಂಗೆ ಆಯ್ತದೆ. ಬರೀ ಹೆಸ್ರು ಆಗಾಕಿಲ್ವಾ ಯಜಮಾನ್ರೆ? ಆಗಾಕಿಲ್ಲ ಅಂದ್ರೆ ಹೇಳ್ಬುಡಿ. ಮಂದೆ ಕೇಳೋ ತೋಟ ಇನ್ನೂ ನಾಕೈತೆ.”

ಆಮ್ಲಗಳ ಪಟ್ಟಿ ಹಿಡಿದು ನಾನು ಎಷ್ಟು ಕೊರೆದರೂ ಅಲುಗದಿದ್ದ ಮಾವ ಇದಕ್ಕೆ ಎದ್ದು ನಿಂತರು. ಗೊಬ್ಬರವಿಲ್ಲದ ತೋಟವನ್ನು ಅವರು ಕಣ್ಣ ಮುಂದೆಯೇ ಕಂಡಿರಬೇಕು.

“ಯಾರು ಬ್ಯಾಡ ಅಂದೋರು? ಸೋಮವಾರದಿಂದ್ಲೇ ತಂದು ಬುಡಮ್ಮ.” ಆಮೇಲೆ ನನ್ನ ಕಡೆ ನೋಡದೆ ಹೇಳಿದರು: “ನಿಮ್ಮಕ್ಕಂಗೆ ಡಬ್ಬ ಕಳ್ಸಾಕೇಳು. ಅವುಕ್ಕೆ ಆ ಪಟ್ಟಿ ಅಂಟುಸ್ಬ್ಯಾಡ್ದು. ತಂದ್ಕೊಡಕ್ಕೆ ನೀನಂತೂ ಬರ್ಬ್ಯಾಡ ಕಣ್ಲಾ.”

ಬಸ್ಸು ಹತ್ತಿ ಅಕ್ಕನಿಗೆ ಫೋನ್ ಮಾಡಿದೆ. ಮಾವ ಒಪ್ಪಿದರೆಂದೆ. ಅವಳ ಹಿಂದೆ ಗಾಣದ ಸದ್ದು ಕೇಳುತ್ತಿತ್ತು.

“ಏನು ಹೇಳಿ ಒಪ್ಪುಸ್ದೆ?” ಎಂದಳು.

“ಕೆಮಿಸ್ಟ್ರಿ ಹೇಳ್ದೆ.”

“ಸಾಕು ಬುಡು. ಮಾವ ಆಗ್ಲೇ ಫೋನ್ ಮಾಡಿ ಎಲ್ಲಾ ಹೇಳಿದ್ರು. ಆ ಮೇಕೆ ಮಂದೆ ಆಯಮ್ಮಂಗೆ ಒಂದು ಡಬ್ಬ ಎತ್ತಿಟ್ಟಿವ್ನಿ.”