ಗವಸಿನ ಮೇಲಿನ ಹೆಸರುಗಳು

ಬೆಳಗಿನ ಐದೂವರೆ. ಮಿಸ್ ವರ್ಲೀನ್ ಮನೆಯ ಅಡುಗೆಕೋಣೆಯಲ್ಲಿ ನಲವತ್ತೊಂದು ವರ್ಷದ ಗಂಡಸೊಬ್ಬ ಕೂತು ಉಗುರು ಉಜ್ಜುತ್ತಿದ್ದಾನೆ. ಬಲಗೈಯ ಎರಡೇ ಬೆರಳು, ತೋರುಬೆರಳು ಮತ್ತು ನಡುಬೆರಳು. ಉಜ್ಜುತ್ತಾನೆ, ಬೆಳಕಿಗೆ ಹಿಡಿಯುತ್ತಾನೆ, ಕೆನ್ನೆಗೆ ಒತ್ತಿ ನೋಡುತ್ತಾನೆ, ಮತ್ತೆ ಉಜ್ಜುತ್ತಾನೆ. ಮದುವಣಗಿತ್ತಿಗೂ ಇಷ್ಟು ಹೊತ್ತು ಬೇಕಾಗದು.

“ಗಂಜಿ ಆರ್ತಾ ಇದೆ, ಎಮೆಟ್,” ಎನ್ನುತ್ತಾಳೆ ವರ್ಲೀನ್. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ವಿಧವೆ. ಬೇಸಿಗೆಯಲ್ಲಿ ಆಟಗಾರರಿಗೆ ಕೋಣೆ ಕೊಡುತ್ತಾಳೆ. “ನನ್ನ ಸೊಸೆಗೂ ನಿನ್ನಷ್ಟು ಉಗುರಿನ ಹುಚ್ಚಿಲ್ಲ.”

“ನಿಮ್ಮ ಸೊಸೆ ಉಗುರು ಮುರಿದ್ರೆ ಕೆಲಸ ಹೋಗಲ್ಲ, ಮಿಸ್ ವರ್ಲೀನ್.”

ಎಮೆಟ್ ಟಾಲಿ ಹಾರ್ಲೊ ಸ್ಪ್ರಿಂಗ್ಸ್ ಊರಿನ ಬೇಸ್‌ಬಾಲ್ ತಂಡ ಮ್ಯೂಲ್ಸ್‌ನ ಪಿಚರ್. ಚೆಂಡು ಎಸೆಯುವುದು ಅವನ ಕಸುಬು. ಉಳಿದ ಪಿಚರುಗಳ ಚೆಂಡು ಗಂಟೆಗೆ ತೊಂಬತ್ತೈದು ಮೈಲಿ ವೇಗದಲ್ಲಿ ಗಿರಗಿರನೆ ತಿರುಗುತ್ತ ಹೋಗುತ್ತದೆ. ಎಮೆಟ್‌ನದು ಅರವತ್ತೆಂಟು ಮೈಲಿ, ಮತ್ತು ಅದು ತಿರುಗುವುದೇ ಇಲ್ಲ. ತಿರುಗದ ಚೆಂಡಿನ ಹೊಲಿಗೆಗೆ ಗಾಳಿ ಎಲ್ಲೆಲ್ಲೋ ತಗುಲಿ, ಅದು ಕುಡುಕನಂತೆ ಆ ಕಡೆ ಈ ಕಡೆ ವಾಲುತ್ತದೆ. ಇದಕ್ಕೆ ನಕಲ್‌ಬಾಲ್ ಎನ್ನುತ್ತಾರೆ. ನಕಲ್ ಎಂದರೆ ಬೆರಳಿನ ಗಿಣ್ಣು. ಹೆಸರು ಗಿಣ್ಣಿನದು, ಚೆಂಡಿಗೆ ಊರಿ ತಳ್ಳುವ ದುಡಿಮೆಯೆಲ್ಲ ಉಗುರಿನದು.

“ಎಲ್ಲಿ ಹೋಗುತ್ತೆ ಅಂತ ಬ್ಯಾಟು ಹಿಡಿದವನಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಗೊತ್ತಿದ್ರೆ ಅದು ಕೆಟ್ಟ ಚೆಂಡು,” ಎನ್ನುತ್ತಾನೆ, ಗಂಜಿಗೆ ಬೆಣ್ಣೆ ಹಾಕಿಕೊಳ್ಳುತ್ತ.

ಇಪ್ಪತ್ತಾರರಲ್ಲಿ ಅವನ ಭುಜ ಕೈಕೊಟ್ಟಿತು. ಜೋರಾಗಿ ಎಸೆಯಲಾಗದವನಿಗೆ ಉಳಿದದ್ದು ಈ ಒಂದೇ ಚೆಂಡು. ಅಲ್ಲಿಂದೀಚೆಗೆ ಹದಿನೈದು ವರ್ಷ, ಹನ್ನೆರಡು ತಂಡ. ಟೆಲಿವಿಷನ್‌ನಲ್ಲಿ ತೋರಿಸುವ ದೊಡ್ಡ ಲೀಗಿನಲ್ಲಿ ಒಟ್ಟು ಒಂಬತ್ತು ದಿನ. ಒಂಬತ್ತನ್ನು ಕೇಳಿ ಯಾರಾದರೂ ಅಯ್ಯೋ ಎಂದರೆ, “ಒಂಬತ್ತೂ ದಿನ ಊಟ ಚೆನ್ನಾಗಿತ್ತು,” ಎಂದು ಮಾತು ಮುಗಿಸುತ್ತಾನೆ.

ಎಲ್ಲಿಗೆ ಹೋದರೂ ಅವನ ಚೀಲದಲ್ಲಿ ಒಂದು ಭಾರಿ ಚರ್ಮದ ಗವಸು ಇರುತ್ತದೆ. ಅದು ಅವನಿಗಲ್ಲ. ಬ್ಯಾಟುಗಾರನ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವ ಕ್ಯಾಚರ್‌ಗೆ. ವಾಲಾಡುವ ಚೆಂಡಿಗೆ ಮಾಮೂಲಿ ಗವಸು ಸಾಲದು. ಇಷ್ಟು ದೊಡ್ಡದನ್ನು ಯಾವ ಕ್ಯಾಚರೂ ಇಟ್ಟುಕೊಂಡಿರುವುದಿಲ್ಲ. ಅದನ್ನು ತೊಟ್ಟು ಎಮೆಟ್‌ನ ಚೆಂಡು ಹಿಡಿದವರೆಲ್ಲ ಅದರ ಬೆನ್ನಿನ ಮೇಲೆ ಹೆಸರು ಬರೆದಿದ್ದಾರೆ. ಹದಿನೇಳು ಹೆಸರು. ಒಬ್ಬ ಈಗ ಟೈರು ಮಾರುತ್ತಾನೆ, ಒಬ್ಬ ಪಾದ್ರಿ, ಒಬ್ಬ ತೀರಿಹೋದ.

ಹದಿನೇಳನೆಯವನನ್ನು ಮೊನ್ನೆ ಮೇಲಿನ ಲೀಗಿಗೆ ಕರೆಸಿಕೊಂಡರು. ಅವನ ಜಾಗಕ್ಕೆ ಬಂದವನು ವೆನೆಜುವೆಲಾದ ಡರಿಯೊ ಪೆನ್ಸೊ, ಮೂವತ್ತು ದಾಟಿದವನು, ಎರಡು ಸಲ ಮೂಗು ಮುರಿದುಕೊಂಡವನು. ತಂಡದವರೆಲ್ಲ ಸ್ಕಿಪ್ ಎಂದು ಕರೆಯುವ ಮ್ಯಾನೇಜರ್ ನಿನ್ನೆ ಸುತ್ತುಬಳಸು ಮಾತಾಡಲಿಲ್ಲ: “ನಾಳೆ ಡರಿಯೊ ನಿನ್ನ ಚೆಂಡು ಹಿಡಿದ್ರೆ ಇರ್ತೀಯ. ಇಲ್ಲಾಂದ್ರೆ ಬೇರೆ ಪಿಚರ್‌ನ ನೋಡ್ಕೋತೀನಿ. ಮನಸ್ಸಿಗೆ ಹಚ್ಕೋಬೇಡ.”

ಹತ್ತು ಗಂಟೆಗೆ ಮೈದಾನದಲ್ಲಿ ಎಮೆಟ್ ಗವಸು ಚಾಚುತ್ತಾನೆ. ಡರಿಯೊ ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಾನೆ.

“ಇದೇನ್ ಅಜ್ಜಾ, ಗವಸೋ ಬಾಣಲೆನೋ? ಹನ್ನೊಂದು ವರ್ಷದಿಂದ ಕ್ಯಾಚರ್ ನಾನು. ನನ್ನದೇ ಸಾಕು.”

 ಹದಿನೇಳು ಜನರೂ ಮೊದಲು ಹೀಗೇ ಅಂದವರು. ಎಮೆಟ್ ಗವಸನ್ನು ಬೆಂಚಿನ ಪಕ್ಕದ ಮೊಳೆಗೆ ನೇತುಹಾಕುತ್ತಾನೆ.

ಒಂದು ಗಂಟೆಗೆ ಆಟ, ಒಟ್ಟು ಒಂಬತ್ತು ಇನಿಂಗ್ಸ್. ಮೊದಲ ಚೆಂಡನ್ನು ಹಿಡಿಯಲು ಡರಿಯೊ ಎಡಕ್ಕೆ ಹಾರುತ್ತಾನೆ. ಚೆಂಡು ಬಲಕ್ಕೆ ಹೋಗುತ್ತದೆ. ಇನ್ನೊಂದು ಮೊಣಕಾಲಿಗೆ, ಮತ್ತೊಂದು ಕುತ್ತಿಗೆಗೆ. ಅವನು ಬಿದ್ದ ಚೆಂಡಿನ ಹಿಂದೆ ಓಡುವಷ್ಟರಲ್ಲಿ ಎದುರಾಳಿಗಳು ಎರಡು ರನ್ ಕದಿಯುತ್ತಾರೆ. “ಡರಿಯೊ, ಚಿಟ್ಟೆ ಹಿಡಿಯೋ ಬಲೆ ತರ್ಲಾ?” ಎಂದು ಪ್ರೇಕ್ಷಕರ ಮೆಟ್ಟಿಲ ಮೇಲಿಂದ ಯಾರೋ ಕೂಗುತ್ತಾರೆ. ಸ್ಕಿಪ್ ಕೈಕಟ್ಟಿ ನಿಂತಿದ್ದಾನೆ. ಬೇರೆ ಪಿಚರ್‌ನನ್ನು ಕರೆಸುವ ಫೋನು ಅವನ ಹಿಂದಿನ ಗೋಡೆಯಲ್ಲೇ ಇದೆ.

ಎರಡನೇ ಇನಿಂಗ್ಸ್ ಮುಗಿದಾಗ ಡರಿಯೊ ಕುಂಟುತ್ತ ಬಂದು ಬೆಂಚಿನಲ್ಲಿ ಕೂರುತ್ತಾನೆ. ಮೊಳೆಯ ಕಡೆ ಕೈ ತೋರಿಸುತ್ತಾನೆ.

“ಆ ಬಾಣಲೆ ಕೊಡು, ಅಜ್ಜಾ.”

ಎಮೆಟ್ ಕೊಡುತ್ತಾನೆ. “ಚೆಂಡಿನ ಕಡೆ ಕೈ ಚಾಚ್ಬೇಡ. ಅದು ಬೆಕ್ಕು ಇದ್ದ ಹಾಗೆ, ಕರೆದ್ರೆ ಬರಲ್ಲ. ಮಡಿಲು ಅಗಲ ಮಾಡಿ ಕೂತಿರು. ಕೊನೇ ಗಳಿಗೇಲಿ ಅದೇ ಬರುತ್ತೆ.”

“ಬರದಿದ್ರೆ?”

“ಪರಚುತ್ತೆ.”

ಮೂರನೇ ಇನಿಂಗ್ಸಿನಿಂದ ಡರಿಯೊ ಹಾರುವುದನ್ನು ಬಿಡುತ್ತಾನೆ. ಕೂತು ಕಾಯುತ್ತಾನೆ. ಎರಡು ಚೆಂಡು ಪರಚುತ್ತವೆ, ಉಳಿದವೆಲ್ಲ ಮಡಿಲು ಸೇರುತ್ತವೆ. ಏಳನೇ ಇನಿಂಗ್ಸ್ ಮುಗಿದು ಎಮೆಟ್ ಬೇರೆ ಪಿಚರ್‌ಗೆ ಚೆಂಡು ಬಿಟ್ಟುಕೊಡುವವರೆಗೂ ಎದುರಾಳಿಗಳಿಗೆ ಮತ್ತೊಂದು ರನ್ ಸಿಕ್ಕುವುದಿಲ್ಲ. ಆದರೂ ಮ್ಯೂಲ್ಸ್ ಎರಡಕ್ಕೆ ಒಂದರಿಂದ ಸೋಲುತ್ತದೆ. ಕದ್ದ ರನ್ನು ಕದ್ದದ್ದೇ.

ಸ್ಕಿಪ್ ಹಾದುಹೋಗುತ್ತ ನಿಲ್ಲುವುದೂ ಇಲ್ಲ. “ಗುರುವಾರನೂ ನೀನೇ,” ಎನ್ನುತ್ತಾನೆ. ಎಮೆಟ್ ತಲೆ ಆಡಿಸಿ ನಡುಬೆರಳಿನ ಉಗುರು ನೋಡಿಕೊಳ್ಳುತ್ತಾನೆ. ಅಂಚು ಸ್ವಲ್ಪ ಸೀಳಿದೆ. ಗುರುವಾರದೊಳಗೆ ಬೆಳೆದೀತು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಡರಿಯೊ, ಮೊಣಕಾಲಿಗೆ ಮಂಜುಗಡ್ಡೆ ಕಟ್ಟಿಕೊಂಡು, ಗವಸಿನ ಬೆನ್ನನ್ನು ಓದುತ್ತಿದ್ದಾನೆ. ಒಂದೊಂದೇ ಹೆಸರು, ತುಟಿ ಅಲುಗಿಸುತ್ತ. ಆಮೇಲೆ ಪೆನ್ನಿಗೆ ಕೈ ಚಾಚುತ್ತಾನೆ. ಹೆಬ್ಬೆರಳಿನ ಪಕ್ಕದಲ್ಲಿ ಮಾತ್ರ ಅಂಗೈ ಅರ್ಧದಷ್ಟು ಚರ್ಮ ಖಾಲಿ ಇದೆ. ಅಲ್ಲಿ ದೊಡ್ಡದೊಂದು ‘ಡಿ’ ಬರೆಯಲು ಹೊರಟವನ ಮಣಿಕಟ್ಟನ್ನು ಎಮೆಟ್ ಹಿಡಿಯುತ್ತಾನೆ.

“ಸಣ್ಣಗೆ ಬರಿ, ಮಾರಾಯ. ಇನ್ನೂ ಇಬ್ಬರಿಗೆ ಜಾಗ ಬೇಕು.”